ನೆಲ ಮುಟ್ಟದ ಹಿಮ

ಬಹಳ ಹಿಂದೆ, ಮೋಡಗಳು ಮನೆಯಂಗಳಕ್ಕೇ ಬಂದು ಮಲಗುತ್ತಿದ್ದ ಕಾಲದಲ್ಲಿ, ಬೆಳ್ಳಿಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜನ ಕಾಳು ಬಿತ್ತಿದ ಹಾಗೆ ಹಿಮವನ್ನೂ ಬಿತ್ತುತ್ತಿದ್ದರು. ನಂಬಿದರೆ ನಂಬಿ. ಶಿಖರದ ತುದಿಯಿಂದ ಹಳೇ ಹಿಮದ ಗಡ್ಡೆ ಕಡಿದು, ಹುಲ್ಲು ಸುತ್ತಿ, ಬುಟ್ಟಿಯಲ್ಲಿ ಹೊತ್ತು ತಂದು ಊರ ಮೇಲಿನ ಹೊಂಡಕ್ಕೆ ಹಾಕುವರು. ರಾತ್ರಿ ಕಳೆಯುವಷ್ಟರಲ್ಲಿ ಅದು ಬೇರು ಬಿಟ್ಟು ಗುಡ್ಡದಷ್ಟು ಬೆಳೆಯುವುದು. ಬೇಸಿಗೆಯಿಡೀ ಕರಗಿ ತೊರೆಯಾಗುವುದು. ಆದರೆ ದಾರಿಯಲ್ಲಿ ಬುಟ್ಟಿ ಇಳಿಸುವಂತಿಲ್ಲ. ನೆಲ ಮುಟ್ಟಿದ ಹಿಮ ಮೊಳೆಯುವುದಿಲ್ಲ.

ಹೊರುವವಳು ಹೊಂಬವ್ವ. ಅವಳ ತಾಯಿಯೂ ಹೊತ್ತವಳೇ. ಈಚಿನ ವರ್ಷಗಳಲ್ಲಿ ಎಷ್ಟು ಹೊತ್ತರೂ ಹಿಮ ಬೆಳೆಯದು, ತೊರೆಯಲ್ಲಿ ನೀರಿಲ್ಲ. ಈ ಸಲವೂ ನೀರು ಬಾರದಿದ್ದರೆ ಊರು ಬಿಟ್ಟು ಕೆಳಗಿಳಿಯಿರಿ ಎಂದು ರಾಜ ಹೇಳಿಕಳಿಸಿದ್ದ. ಹೊಂಬವ್ವನ ಮಗಳು ಕೆಂಚಿ ತುಂಬು ಬಸುರಿ. ಆ ಕಡಿದಾದ ದಾರಿ ಇಳಿದರೆ ತಾಯಿಯೂ ಉಳಿಯಳು, ಮಗುವೂ ಉಳಿಯದು.

"ನಿನ್ನ ಕಾಲು ಹೇಗೆ ಊದಿವೆ ನೋಡವ್ವ," ಎಂದಳು ಕೆಂಚಿ.

"ನಿನ್ನವೂ ಊದಿವೆ. ಇಬ್ಬರಲ್ಲಿ ನಡೆಯೋಕಾಗೋದು ನನಗೇ," ಎಂದು ಹೊಂಬವ್ವ ಹೊರಟಳು.

ಶಿಖರ ಹತ್ತಿ, ಹಿಮ ಕಡಿದು, ಬುಟ್ಟಿ ಹೊತ್ತು ಇಳಿಯುವಾಗ ದಾರಿಬದಿಯ ಬಂಡೆಯೊಂದು ಮಾತಾಡಿತು. "ದಣಿದಿದ್ದೀಯೆ, ಕೂತುಕೋ."

"ಕೂರಬೇಕು ಅಂತ ನನಗೂ ಇದೆಯಪ್ಪ. ಕೂತರೆ ಎಬ್ಬಿಸೋರು ಯಾರು?" ಎಂದು ಹೊಂಬವ್ವ ಮುಂದೆ ನಡೆದಳು.

ಇನ್ನಷ್ಟು ಇಳಿದಾಗ ಒಂದು ಕರಡಿ ಅಡ್ಡ ಬಂತು. "ಕೊಡು ತಾಯಿ, ಸ್ವಲ್ಪ ದೂರ ನಾನು ಹೊರುತ್ತೇನೆ."

ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಒಬ್ಬರೂ ಇಲ್ಲ. ಹೊಂಬವ್ವನ ಕಣ್ಣು ತುಂಬಿತು. "ನಿನ್ನ ಮೈ ಬಿಸಿ ಮಗನೇ, ಇದು ಕರಗಿಹೋಗುತ್ತೆ."

"ಅದೂ ನಿಜವೇ. ಸೆಕೆ ತಡೆಯಲಾರದೆ ನಾನೂ ಹಳೇ ಗವಿ ಬಿಟ್ಟೆ. ಈಗ ಬಿಸಿಲು ಬೀಳದ ಕರಿಬಂಡೆ ಕಮರಿಯಲ್ಲಿ ಮಲಗುತ್ತೇನೆ," ಎಂದು ಕರಡಿ ದಾರಿ ಬಿಟ್ಟಿತು.

ಕೊನೆಗೂ ಹೊಂಡ ಬಂತು. ಬುಟ್ಟಿ ಬಗ್ಗಿಸಿ, ತಿರುಗಿ ನೋಡದೆ ಇಳಿದುಬಿಡುವುದು ರೂಢಿ. ಆದರೆ ಈ ಸಲ ಬುಟ್ಟಿಯ ಪಟ್ಟಿ ಬಿಚ್ಚಲೂ ಕೈ ಏಳದೆ ಹೊಂಬವ್ವ ಅಂಚಿನಲ್ಲೇ ನಿಂತಳು. ಹೊಂಡದ ತುಂಬ ಹಸಿರು ಹುಲ್ಲು. ಕಾಲಡಿ ಬೆಚ್ಚಗೆ. ಹೊಂಡ ಕಾಯುವವನೆಂದು ಊರೇ ಕೈಮುಗಿಯುವ ಜಡೆಯಜ್ಜ ನಡುವೆ ಕೂತಿದ್ದ.

"ಹಾಕು ಮಗಳೇ. ಇಳಿಸೋ ಜಾಗ ಇದೇ ಅಲ್ಲವಾ?"

"ಊರಲ್ಲಿ ಎಲ್ಲರ ತುಟಿ ಒಡೆದಿದೆ ಅಜ್ಜ. ನಿನ್ನ ಗಡ್ಡ ಯಾಕೆ ತೊಟ್ಟಿಕ್ಕುತ್ತಿದೆ?"

ಅವನು ನಕ್ಕ. ಬಿಸಿಲು ಹೆಚ್ಚಿ ಹೊಂಡ ಕಾದ ಮೇಲೆ ಬಂದು ಸೇರಿಕೊಂಡ ಮಾಯಾವಿ ಅವನು. "ನೀವು ತಂದು ಹಾಕುತ್ತೀರಿ, ನಾನು ಕುಡಿಯುತ್ತೇನೆ. ಬೇರೆಲ್ಲಿಗೆ ಒಯ್ಯುತ್ತೀ? ಒಂದು ಹೆಜ್ಜೆಯಾದರೂ ಇಡಬಲ್ಲೆಯಾ?"

ಇಡಲಾರೆ ಎಂದೇ ಹೊಂಬವ್ವನಿಗೂ ಅನ್ನಿಸಿತು. ಇಷ್ಟು ವರ್ಷ ಬೆನ್ನು ಮುರಿದುಕೊಂಡು ಇವನ ಹೊಟ್ಟೆ ತುಂಬಿಸಿದೆನಲ್ಲ ಎಂದು ಅಳು ಬಂತು. ಆಮೇಲೆ ಸಿಟ್ಟು ಬಂತು.

"ನಿನ್ನ ಮನೆ ಹಾಳಾಗ," ಎಂದು ಬೈದು, ಅಳುತ್ತಲೇ ಕರಡಿ ಹೇಳಿದ ಕಮರಿಯ ಕಡೆ ತಿರುಗಿದಳು. ಅವಳು ದೂರ ಹೋದಷ್ಟೂ ಮಾಯಾವಿ ಬಿಸಿಲಿಗಿಟ್ಟ ಮೆಣಸಿನಕಾಯಿಯ ಹಾಗೆ ಸುರುಟಿದ. ಕೊನೆಗೆ ಗಾಳಿ ಅವನನ್ನು ಎತ್ತಿಕೊಂಡು ಹೋಯಿತು.

ಕಮರಿಯಲ್ಲಿ ಕರಡಿ ಸರಿದು ಜಾಗ ಕೊಟ್ಟಿತು. ಹೊಂಬವ್ವ ಹಿಮ ಹೂತು, ಕರಡಿಗೇ ಒರಗಿ ನಿದ್ದೆಹೋದಳು. ಬೆಳಗಾಗುವಷ್ಟರಲ್ಲಿ ಹಿಮ ಬಂಡೆಯೆತ್ತರ ಬೆಳೆದು ನೀರು ಜಿನುಗುತ್ತಿತ್ತು.

ಆದರೆ ನೀರು ಹರಿದದ್ದು ಗುಡ್ಡದ ಆಚೆ ಬದಿಗೆ. ಜನ ಗೊಣಗಿದರು, ಆಮೇಲೆ ಹೊಲವನ್ನೂ ಒಲೆಯನ್ನೂ ಆಚೆ ಬದಿಗೇ ಸಾಗಿಸಿದರು. ಅಂದಿನಿಂದ ಹಿಮ ಹೊರುವವರು ಕರಡಿ ಈಗೆಲ್ಲಿ ಮಲಗುತ್ತದೆ ಎಂದು ಮೊದಲು ನೋಡಿಬರುತ್ತಿದ್ದರು. ಕೆಂಚಿ ಹೊಸ ತೊರೆಯ ದಂಡೆಯಲ್ಲೇ ಹೆಣ್ಣು ಹೆತ್ತಳು. ಊರು ಸುಖವಾಗಿತ್ತು, ದಣಿವೇನೋ ಇದ್ದೇ ಇತ್ತು.

"ಕೊಡವ್ವ ಕೂಸನ್ನು, ಕೈ ಸೋತಿರಬೇಕು," ಎನ್ನುವಳು ಕೆಂಚಿ.

"ಸೋತಿವೆ," ಎನ್ನುವಳು ಹೊಂಬವ್ವ. ಆದರೂ ಇಳಿಸುತ್ತಿರಲಿಲ್ಲ.