ದೊಡ್ಡಪ್ಪ ಎಲೆ ಕಚ್ಚಿದರು

“ದೊಡ್ಡಪ್ಪಾ, ಆ ಗಿಡಾನ ಗೇಟ್ ಹತ್ರ ಇಡಬ್ಯಾಡ್ರಿ. ಅದು ವಿಷ ಐತೆ!”

ವಾಣಿ ಹಾಗೆ ಕೂಗುವುದಕ್ಕೂ ಮೂವರು ಜಡ್ಜ್‌ಗಳು ಒಳಗೆ ಬರುವುದಕ್ಕೂ ಸರಿಹೋಯಿತು.

ಅಂದು ದಾವಣಗೆರೆಯ ಅವರ ಬಡಾವಣೆಯಲ್ಲಿ ಕೈತೋಟದ ಸ್ಪರ್ಧೆ. ವಾಣಿಯ ದೊಡ್ಡಪ್ಪ ಕೆಂಚವೀರಪ್ಪ ಬಡಾವಣೆ ಸಂಘದ ಅಧ್ಯಕ್ಷರು. ಅವರು ಮಾತು ಶುರು ಮಾಡಿದರೆ ಮೈಕಿಗೇ ಸುಸ್ತಾಗಬೇಕು. ಸ್ಪರ್ಧೆ ಇಟ್ಟವರು ಅವರೇ, ಜಡ್ಜ್‌ಗಳನ್ನು ಆರಿಸಿದವರು ಅವರೇ, ಮೊದಲು ಹೆಸರು ಕೊಟ್ಟವರೂ ಅವರೇ.

ಅವರ ಹೆಮ್ಮೆಯೆಲ್ಲ ಒಂದು ಕುಂಡದ ಗಿಡದ ಮೇಲೆ. ಅಗಲವಾದ ಹಸಿರು ಎಲೆ, ಎಲೆಯ ತುಂಬ ಬಿಳಿ ಚುಕ್ಕೆ. ನರ್ಸರಿಯವರು ಅದನ್ನು ಡಂಬ್ ಕೇನ್ ಎನ್ನುತ್ತಾರೆ.

“ಏನ್ ಪಾಪು, ವಿಷ ಅಂದ್ಯಾ?” ಎಂದರು ಒಬ್ಬ ಜಡ್ಜ್.

“ಹೂಂ ಸರ್. ನಮ್ಮ ಸೈನ್ಸ್ ಮಿಸ್ ಹೇಳ್ಯಾರೆ. ಎಲೆ ಅಗಿದ್ರೆ ನಾಲಿಗೆ ಬಾತು ಮಾತೇ ಬರಲ್ಲಂತೆ.”

ದೊಡ್ಡಪ್ಪ ಗಹಗಹಿಸಿ ನಕ್ಕರು. “ಐದನೇ ಕ್ಲಾಸ್ ಹುಡುಗಿ ನಂಗೆ ಪಾಠ ಹೇಳ್ತಾಳೆ! ಇದು ಫಾರಿನ್ ಗಿಡ ಸರ್. ವಿಷ ಇದ್ರೆ ಇಷ್ಟು ಚೆಂದ ಇರ್ತಿತ್ತಾ? ನೋಡ್ರಿ ಇಲ್ಲಿ!”

ಎಲೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಅಗಿದೇಬಿಟ್ಟರು.

“ಏನಾತು? ಏನೂ ಇಲ್... ಇಲ್... ಥ್...”

ಮುಂದಿನ ಮಾತು ಹೊರಬರಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. ತುಟಿ ಊದಿಕೊಂಡಿತು. ವಾಣಿಯ ಅಪ್ಪ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಧಾವಿಸಿದರು.

ವಾಣಿ ಅಳುತ್ತಾ ನಿಂತಳು. ತಾನು ಸುಮ್ಮನಿದ್ದಿದ್ದರೆ ದೊಡ್ಡಪ್ಪ ಎಲೆ ತಿನ್ನುತ್ತಲೇ ಇರಲಿಲ್ಲವಲ್ಲ!

ಜಡ್ಜ್‌ಗಳು ಐದು ನಿಮಿಷ ಗುಸುಗುಸು ಮಾತಾಡಿದರು. ಕೊನೆಗೆ ಅಧ್ಯಕ್ಷರ ತೋಟಕ್ಕೇ ಫಸ್ಟ್ ಪ್ರೈಜ್ ಎಂದು ಬರೆದು ಹೊರಟರು.

ಮರುದಿನ ದೊಡ್ಡಪ್ಪ ಮನೆಗೆ ಬಂದರು. “ಗಂಟಲು ಬಾತಿದ್ರೆ ಉಸಿರೇ ಕಟ್ಟುತ್ತಿತ್ತು. ಎರಡು ದಿನ ಮಾತು ಬೇಡ” ಎಂದಿದ್ದರು ಡಾಕ್ಟರ್.

ಸಂಜೆ ಹರಿಹರದಿಂದ ದೊಡ್ಡಮ್ಮನ ಗೆಳತಿ ಯಶೋದಾ ಬಂದರು. ಜೊತೆಗೆ ಅಂಬೆಗಾಲಿಡುವ ಮೊಮ್ಮಗ.

“ಏನಾತ್ರೀ ಅಣ್ಣಾರಿಗೆ?”

“ಚಹಾ ಭಾಳ ಬಿಸಿ ಇತ್ತು, ನಾಲಿಗೆ ಸುಟ್ಕೊಂಡ್ರು” ಎಂದರು ದೊಡ್ಡಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ.

“ಅಯ್ಯೋ ಪಾಪ! ಫಸ್ಟ್ ಪ್ರೈಜ್ ಗಿಡ ಇದೇ ಏನ್ರಿ? ನಂಗೂ ಒಂದು ಕಡ್ಡಿ ಕೊಡ್ರಿ, ಮನ್ಯಾಗೆ ಹಚ್ತೀನಿ.”

ಕೊಡದಿದ್ದರೆ ಯಾಕೆಂದು ಹೇಳಬೇಕು. ದೊಡ್ಡಮ್ಮ ಕತ್ತರಿ ತಂದು ಕಡ್ಡಿ ಕತ್ತರಿಸಿಯೇಬಿಟ್ಟರು.

ಮಗು ನೆಲದ ಮೇಲಿದ್ದ ಚಪ್ಪಲಿಯ ಪಟ್ಟಿಯನ್ನು ಬಾಯಿಗಿಟ್ಟು ಚೀಪುತ್ತಿತ್ತು. ವಾಣಿ ಅದನ್ನೇ ನೋಡಿದಳು. ನಿನ್ನೆ ಬಾಯಿಬಿಟ್ಟದ್ದಕ್ಕೇ ಅಷ್ಟೆಲ್ಲ ಆಗಿತ್ತು.

“ಆಂಟಿ, ತಗೋಬ್ಯಾಡ್ರಿ!” ಎಂದಳು. “ಚಹಾ ಅಲ್ಲ. ದೊಡ್ಡಪ್ಪ ಈ ಎಲೆ ತಿಂದಿದ್ದು!”

ದೊಡ್ಡಮ್ಮನ ಮುಖ ಕೆಂಪೇರಿತು. “ಸುಮ್ನಿರೇ!”

ದೊಡ್ಡಪ್ಪ ಕುರ್ಚಿಯಿಂದ ಎದ್ದರು. ವಾಣಿ ಕಣ್ಣು ಮುಚ್ಚಿಕೊಂಡಳು.

ಬೈಗುಳ ಬೀಳಲಿಲ್ಲ. ಕಣ್ಣು ಬಿಟ್ಟಾಗ ಕಡ್ಡಿ ದೊಡ್ಡಪ್ಪನ ಕೈಯಲ್ಲಿತ್ತು. ಅವರು ಅದನ್ನು ತೋರಿಸಿದರು, ಬಾತ ತುಟಿ ತೋರಿಸಿದರು, ಬೇಡ ಎಂದು ತಲೆಯಾಡಿಸಿದರು. ಯಶೋದಾ ಮೊಮ್ಮಗನನ್ನು ಎತ್ತಿ ಅಪ್ಪಿಕೊಂಡರು.

ಎರಡು ದಿನ ಕಳೆಯಿತು. ದೊಡ್ಡಪ್ಪನ ನಾಲಿಗೆ ಸರಿಹೋಯಿತು. ರಾತ್ರಿ ಊಟಕ್ಕೆ ಕೂತಾಗ ತಮ್ಮ ಶೇಂಗಾ ಹೋಳಿಗೆಯನ್ನು ವಾಣಿಯ ತಟ್ಟೆಗೆ ಹಾಕಿದರು. ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು.

ಈಗ ಅವರ ನಾಲಿಗೆಗೆ ಏನೂ ಆಗಿಲ್ಲವೆಂದು ವಾಣಿಗೆ ಗೊತ್ತಿತ್ತು. ಅವಳು ಸುಮ್ಮನೆ ಹೋಳಿಗೆ ಮುರಿದು, ಅರ್ಧವನ್ನು ಅವರ ತಟ್ಟೆಗೆ ಇಟ್ಟಳು.