ಬಟ್ಟಲ ಕೆಳಗಿನ ಅಣಬೆ

"ಹೆಚ್ಬೇಡ! ಮೊದ್ಲು ಚಾಕು ಕೆಳಗಿಡು!"

ಅತ್ತೆ ಹಾಗೆ ಗದರಿದ್ದಕ್ಕೆ ಚೂಟಿ ಮುಖ ಊದಿಸಿಕೊಂಡಳು. ಸ್ಕೂಲಿನ ಹಿಂದಿನ ಹುಲ್ಲುಗಾವಲಲ್ಲಿ ಅವಳೇ ಹುಡುಕಿ ತಂದ ಅಣಬೆಗಳವು. ಒಂದೊಂದೂ ತಟ್ಟೆಯಗಲ, ಬೆಳ್ಳಗೆ, ನೆತ್ತಿಯ ಮೇಲೆ ಕಂದು ಚಕ್ಕೆಗಳು.

"ಅಂಗಡೀಲಿ ಸಿಗುತ್ತಲ್ಲ, ಅದೇ ಇದು. ನಂಗೊತ್ತು."

ಅತ್ತೆ ಕಾಲೇಜಿನಲ್ಲಿ ಗಿಡಮರಗಳ ಪಾಠ ಮಾಡುವವಳು. ಒಂದು ಅಣಬೆಯನ್ನು ಮಗುಚಿ ಕೊಡೆಯೊಳಗಿನ ಪದರ ನೋಡಿದಳು. ದಂಟಿನ ಸುತ್ತಲ ಉಂಗುರ ನೋಡಿದಳು. ಮೂಸಿದಳು.

"ಯಾವುದೋ ಗೊತ್ತಾಗ್ತಿಲ್ವಲ್ಲೇ!"

"ನಿಂಗೇ ಗೊತ್ತಿಲ್ವಾ?"

"ಇಲ್ಲ ಕಣೆ. ಒಂದೇ ಥರ ಕಾಣೋವು ಎಷ್ಟೋ ಇವೆ. ಕೆಲವು ತಿಂದ್ರೆ ಆಸ್ಪತ್ರೆ ಗ್ಯಾರಂಟಿ." ಹಾಗೆ ಹೇಳುವಾಗ ಅತ್ತೆಗೆ ಚೂರೂ ಮುಜುಗರ ಇರಲಿಲ್ಲ. ದಂಟು ಕತ್ತರಿಸಿ, ಕೊಡೆಯನ್ನು ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಕವುಚಿದಳು. "ಬೆಳಿಗ್ಗೆಗೆ ಪುಡಿ ಉದುರುತ್ತೆ. ಅದರ ಬಣ್ಣ ನೋಡಿದ್ರೆ ಯಾವ ಜಾತಿ ಅಂತ ಸುಳಿವು ಸಿಗುತ್ತೆ."

ಚೂಟಿಗೆ ಥಟ್ಟನೆ ನೆನಪಾಯಿತು. ತಂದ ಅಣಬೆಗಳಲ್ಲಿ ಅರ್ಧ ಆಗಲೇ ಅವಳ ಕ್ಲಾಸಿನ ಗುಂಡನ ಮನೆ ಸೇರಿತ್ತು! 'ನಾನು ಅಣಬೆ ಎಕ್ಸ್‌ಪರ್ಟ್' ಎಂದು ಜಂಬ ಬೇರೆ ಕೊಚ್ಚಿದ್ದಳು. ಈಗ ಬಾಯಿಬಿಟ್ಟರೆ ಅವನು ಇಡೀ ಕ್ಲಾಸಿಗೆ ಡಂಗುರ ಸಾರುತ್ತಾನೆ. ಬಿಡದಿದ್ದರೆ...

"ಅತ್ತೆ, ಗುಂಡಂಗೂ ಕೊಟ್ಟಿದೀನಿ!"

ಅತ್ತೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಚೂಟಿ ಬರಿಗಾಲಲ್ಲೇ ಓಟ ಕಿತ್ತಳು.

ಪಕ್ಕದ ಬೀದಿಯಲ್ಲಿ ಗುಂಡನ ಅಪ್ಪ ಒಲೆಯ ಮುಂದಿದ್ದರು. ಬಾಣಲೆಯಲ್ಲಿ ಈರುಳ್ಳಿ ಚುರುಗುಡುತ್ತಿತ್ತು. ಕೈಯಲ್ಲಿ ಹೆಚ್ಚಿದ ಅಣಬೆಯ ತಟ್ಟೆ.

"ಅಂಕಲ್, ಹಾಕ್ಬೇಡಿ! ಅದು ಯಾವ ಅಣಬೆ ಅಂತ..." ಚೂಟಿಗೆ ಏದುಸಿರು. "ನಂಗೆ ಗೊತ್ತಿಲ್ಲ."

"ಮತ್ತೆ ಎಕ್ಸ್‌ಪರ್ಟ್ ಅಂದೆ?" ಗುಂಡ ಕಣ್ಣರಳಿಸಿದ.

"ಸುಮ್ನೆ ಅಂದೆ ಕಣೋ."

ಅವನ ಅಪ್ಪ ಒಲೆ ಆರಿಸಿದರು. "ಇನ್ನೂ ಯಾರೂ ಬಾಯಿಗಿಟ್ಟಿಲ್ಲ ಪುಟ್ಟಾ. ಕೂತ್ಕೋ, ನೀರು ಕುಡಿ." ನೀರು ಕುಡಿಯುತ್ತಾ ಚೂಟಿ ಬಟ್ಟಲು ಕವುಚಿಟ್ಟ ವಿಷಯವನ್ನೂ ಹೇಳಿದಳು.

ಬೆಳಿಗ್ಗೆ ಬಾಗಿಲು ತೆಗೆದರೆ ಗುಂಡ! "ಬಟ್ಟಲು ಎತ್ತಿದ್ರಾ? ನಾನೂ ನೋಡ್ಬೇಕು."

ಹಾಳೆಯ ಮೇಲೆ ಚಕ್ರದ ಕಡ್ಡಿಗಳಂತೆ ಪುಡಿ ಬಿದ್ದಿತ್ತು. ಮಾಸಲು ಹಸಿರು ಬಣ್ಣ.

ಅತ್ತೆ ಪುಸ್ತಕದ ಚಿತ್ರಗಳ ಜೊತೆ ಹೋಲಿಸಿ ನೋಡಿದಳು. "ವಿಷದ್ದೇ ಕಣ್ರೋ. ತಿಂದಿದ್ರೆ ವಾಂತಿ ಮಾಡಿ ಮಾಡಿ ಸುಸ್ತಾಗ್ತಿದ್ರಿ." ಅಷ್ಟು ಹೇಳಿ ಕಾಫಿಗೆಂದು ಒಳಗೆ ಹೋದಳು.

ಗುಂಡ ಹೊಟ್ಟೆ ಸವರಿಕೊಂಡ. ಗೇಲಿ ಮಾಡಲಿಲ್ಲ. ಹಾಳೆಯತ್ತ ಬಗ್ಗಿ ಕೇಳಿದ, "ಪುಡಿ ಬೆಳ್ಳಗಿದ್ದಿದ್ರೆ ತಿನ್ಬಹುದಿತ್ತೇನೇ?"

'ಹೂಂ' ಎನ್ನಲು ಚೂಟಿ ಬಾಯಿ ತೆರೆದಳು. ಹಾಳೆಯ ಹಸಿರನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿದಳು.

"ಬಾ, ಅತ್ತೇನ ಕೇಳೋಣ," ಎಂದು ಅವನ ಕೈ ಹಿಡಿದು ಎಳೆದಳು.