ಹಸಿವಿಲ್ಲದ ಓಣಿ

ಮಹಾನಂದಾ ಕುದಿಯುವ ನೀರಿಗೆ ಎರಡು ಚಮಚ ತುಷ್ಟಿ ಹಿಟ್ಟು ಹಾಕಿ ತಿರುವಿದಳು. ನೋಡುತ್ತಿದ್ದಂತೆಯೇ ಹಿಟ್ಟು ಉಬ್ಬಿ ಪಾತ್ರೆಯ ತುಂಬ ಗಟ್ಟಿ ಗಂಜಿಯಾಯಿತು. ಒಂದು ಗಂಟೂ ಕಟ್ಟಲಿಲ್ಲ.

"ಮುಂಜಾನಿ ಒಂದ್ ವಾಟಗಾ ಕುಡದ್ರ ಸಂಜೀತನಾ ಹಸಿವಿನ ನೆನಪ ಇರಂಗಿಲ್ರೀ ಅಕ್ಕಾರ," ಎಂದಳು.

ಎದುರು ಕುಳಿತಿದ್ದ ಡಾಕ್ಟರ್ ಇಂದುಮತಿ ಹೊಂಬಳ ನಕ್ಕರು. ಆ ಹಿಟ್ಟು ಅವರದೇ ಶೋಧ. ಪಿಷ್ಟವೆಂದರೆ ಸಕ್ಕರೆಯ ಕಣಗಳನ್ನು ಪೋಣಿಸಿದ ಉದ್ದನೆಯ ಸರ. ನಮ್ಮ ಜೊಲ್ಲು ಮತ್ತು ಕರುಳಿನ ರಸ ಆ ಸರಗಳನ್ನು ಬೇಗ ತುಂಡರಿಸುವುದರಿಂದಲೇ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇಂದುಮತಿ ಈ ಸರಗಳ ನಡುವೆ ರಾಸಾಯನಿಕ ಬೆಸುಗೆ ಹಾಕಿದ್ದರು. ತುಂಡಾಗುವುದು ತಡವಾಗಿ, ಹೊಟ್ಟೆ ತುಂಬಿಯೇ ಇರುತ್ತಿತ್ತು. ಮಧುಮೇಹಿಗಳಿಗೆಂದು ಮಾಡಿದ ಈ ಹಿಟ್ಟು 2058ರ ಹೊತ್ತಿಗೆ ಎಲ್ಲರ ಅಡುಗೆಮನೆ ಸೇರಿತ್ತು. ಬಳಸುವವರ ಅನುಭವ ಕೇಳಲು ಅವರು ಗದಗಿನ ಈ ಓಣಿಗೆ ಬಂದಿದ್ದರು.

ಮಹಾನಂದಾ ಗಂಜಿ ಆರಿಸಿಕೊಂಡು ತೊಟ್ಟಿಲ ಕಡೆ ನಡೆದಳು.

"ಅದು ಯಾರಿಗೆ?" ಇಂದುಮತಿ ಕೇಳಿದರು.

"ನಮ್ಮ ಕೂಸಿಗ್ರೀ. ಎಂಟ್ ತಿಂಗಳಾತು. ಇದನ್ನ ಸುರು ಮಾಡಿದಾಗಿಂದ ಭಾಳ ಶಾಣ್ಯಾ ಆಗೇದ. ಅಳೂದ ಇಲ್ಲ. ಮೊಲಿ ಸುದ್ದಾ ಬ್ಯಾಡ ಅಂತದ."

ಇಂದುಮತಿ ಎದ್ದು ಕೂಸನ್ನು ಎತ್ತಿಕೊಂಡರು. ಮುಖ ದುಂಡಗಿತ್ತು, ಆದರೆ ಕೈಗೆ ಭಾರವೇ ತಿಳಿಯಲಿಲ್ಲ. ಪುಟ್ಟ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಮೇಲೇಳಲಿಲ್ಲ. ಅದು ಪೋಷಣೆಯಿಲ್ಲದ ದೇಹದ ಬಾವು. ಕೂಡಲೇ ಆಸ್ಪತ್ರೆಗೆ ಹೊರಡಲು ಹೇಳಿದರು.

ಎಳೆಗೂಸಿನ ಕರುಳಿನ ರಸ ಇನ್ನೂ ಬಲಿತಿರುವುದಿಲ್ಲ. ದೊಡ್ಡವರ ಕರುಳು ತಡವಾಗಿಯಾದರೂ ಬಿಡಿಸುತ್ತಿದ್ದ ಬೆಸುಗೆಯನ್ನು ಅದು ಬಿಡಿಸಲಾರದು. ಇಂದುಮತಿ ಪರೀಕ್ಷಿಸಿದ್ದು ದೊಡ್ಡವರ ಮೇಲೆ ಮಾತ್ರ.

ಆಸ್ಪತ್ರೆಯಲ್ಲಿ ಕೂಸಿನ ನರಕ್ಕೆ ಸೂಜಿ ಚುಚ್ಚಿ ದ್ರವಾಹಾರ ಏರಿಸಿದರು. ಆಗಲೂ ಅದು ಅಳಲಿಲ್ಲ.

"ಹೊಟ್ಟಿ ತುಂಬ ಉಣಿಸೇನ್ರೀ ನಾನು," ಮಹಾನಂದಾ ಮತ್ತೆ ಮತ್ತೆ ಹೇಳುತ್ತಿದ್ದಳು.

"ನೀ ಉಣಿಸೀದಿ, ತಂಗಿ. ಅದು ಮೈಗೆ ಹತ್ತದಂಗ ಮಾಡಿದಾಕಿ ನಾನು."

ಮಹಾನಂದಾ ಅವರನ್ನು ದಿಟ್ಟಿಸಿ ನೋಡಿ, ಕೂಸಿನ ಕಡೆ ಮುಖ ತಿರುಗಿಸಿದಳು.

ಮರುದಿನ ಕೂಸು ಕ್ಷೀಣವಾಗಿ ಅತ್ತಿತು. ತಾಯಿ ಓಡಿಹೋಗಿ ಎದೆಗೊತ್ತಿಕೊಂಡಳು. ಹಸಿವು ಕಾಣದಂತೆ ಮಾಡುವುದನ್ನೇ ಹಸಿವು ನೀಗಿಸುವುದೆಂದು ಇಷ್ಟು ವರ್ಷ ನಂಬಿದ್ದೆನಲ್ಲ ಎಂದು ಇಂದುಮತಿಗೆ ಆಗ ಅನ್ನಿಸಿತು. ಹಿಟ್ಟಿನ ಮಾರಾಟ ನಿಲ್ಲಿಸುವಂತೆ ಕಾರ್ಖಾನೆಗೆ ಫೋನ್ ಮಾಡಿದರು. ಬರುವ ವಾರ ಸಭೆ ಕರೆದು ಯೋಚಿಸುತ್ತೇವೆ ಎಂದರು ಅಲ್ಲಿಯವರು.

ಇಂದುಮತಿ ಕೂಸುಗಳನ್ನು ತೂಗುವ ತಕ್ಕಡಿಯೊಂದನ್ನು ಹಿಡಿದು ಓಣಿಗೆ ಮರಳಿದರು. ಮಧ್ಯಾಹ್ನ. ತೆರೆದ ಬಾಗಿಲುಗಳ ಒಳಗೆ ತೊಟ್ಟಿಲುಗಳು ಕಾಣುತ್ತಿದ್ದವು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಕೂಸೂ ಅಳುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತ ತಾಯಂದಿರು ಅವರ ಗುರುತು ಹಿಡಿದು ನಕ್ಕರು.